ನೂರು ಟನ್ ಕಬ್ಬಿನಲ್ಲಿ ಸಕ್ಕರೆಯಾಗದ ತೊಂಬತ್ತು ಟನ್

ಉದ್ಯಮವೊಂದರ ತ್ಯಾಜ್ಯ ಯೋಜನೆಗೆ ಮೊದಲ ಆಧಾರ ತೂಕದ ಲೆಕ್ಕ. ಒಳಗೆ ಬಂದ ವಸ್ತು ಎಷ್ಟು, ಮಾರಾಟದ ಸರಕಾಗಿ ಹೊರಗೆ ಹೋದದ್ದು ಎಷ್ಟು, ಮಿಕ್ಕಿದ್ದು ಯಾವ ರೂಪದಲ್ಲಿ ಎಲ್ಲಿ ಉಳಿಯಿತು ಎಂಬ ಪ್ರಶ್ನೆಗಳಿಗೆ ಅಂಕಿಗಳಲ್ಲಿ ಉತ್ತರ ಇಲ್ಲದ ಕಡೆ ಯೋಜನೆ ಎನ್ನುವುದು ಸದಾಶಯದ ಮಾತಾಗಿಯೇ ಉಳಿಯುತ್ತದೆ. ಹೀಗೆ ಮಿಕ್ಕಿದ ವಸ್ತುವಿಗೂ ಕಾರ್ಖಾನೆ ದುಡ್ಡು ಕೊಟ್ಟಿರುತ್ತದೆ. ಅದನ್ನು ಸಾಗಿಸಲು, ಅರೆಯಲು, ಕಾಯಿಸಲು ಕೂಲಿ ಮತ್ತು ಇಂಧನ ಖರ್ಚಾಗಿರುತ್ತದೆ. ಕೊನೆಗೆ ವಿಲೇವಾರಿಗೆ ಇನ್ನೊಮ್ಮೆ ಹಣ ಹೋಗುತ್ತದೆ. ಸಾಮಾನ್ಯ ಜಮಾಖರ್ಚಿನಲ್ಲಿ ಈ ಕೊನೆಯ ಖರ್ಚು ಮಾತ್ರ ತ್ಯಾಜ್ಯದ ಹೆಸರಿನಲ್ಲಿ ಕಾಣುತ್ತದೆ. ಮೊದಲಿನದೆಲ್ಲ ಉತ್ಪಾದನಾ ವೆಚ್ಚದಲ್ಲಿ ಬೆರೆತು ಕಣ್ಣಿಗೆ ಬೀಳುವುದಿಲ್ಲ. ಇದನ್ನು ಬೇರ್ಪಡಿಸಿ ತೋರಿಸುವ ಲೆಕ್ಕಪದ್ಧತಿ ಜರ್ಮನಿಯಲ್ಲಿ ರೂಪುಗೊಂಡು, ಜಪಾನಿನ ಕಾರ್ಖಾನೆಗಳಲ್ಲಿ ಬೆಳೆದು, 2011ರಲ್ಲಿ ಐಎಸ್‌ಒ 14051 ಎಂಬ ಅಂತರರಾಷ್ಟ್ರೀಯ ಮಾನಕವಾಯಿತು. ಉದ್ಯಮದ ಸುಸ್ಥಿರತೆಯ ಚರ್ಚೆಯಲ್ಲಿ ತ್ಯಾಜ್ಯಕ್ಕೆ ಸಿಗಬೇಕಾದ ಜಾಗ ಇದು: ಪರಿಸರ ವಿಭಾಗದ ಒಂದು ಕಡತದಲ್ಲಲ್ಲ, ಖರೀದಿ, ವಿನ್ಯಾಸ ಮತ್ತು ಬಂಡವಾಳದ ತೀರ್ಮಾನಗಳ ನಡುವೆ.

ಈ ಲೆಕ್ಕವನ್ನು ಬಿಡಿಸಿ ನೋಡಲು ಕರ್ನಾಟಕದಲ್ಲಿ ಸಕ್ಕರೆ ಕಾರ್ಖಾನೆಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. 1933ರಲ್ಲಿ ಸ್ಥಾಪನೆಯಾದ ಮಂಡ್ಯದ ಮೈಸೂರು ಸಕ್ಕರೆ ಕಂಪನಿಯಿಂದ ಹಿಡಿದು ಇಂದು ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಹಬ್ಬಿರುವ ದೊಡ್ಡ ಕಾರ್ಖಾನೆಗಳವರೆಗೆ ಮೂಲ ಲೆಕ್ಕ ಹೆಚ್ಚು ಕಡಿಮೆ ಒಂದೇ. ನೂರು ಟನ್ ಕಬ್ಬು ನುರಿಸಿದರೆ ಸುಮಾರು 10 ಟನ್ ಸಕ್ಕರೆ ಬರುತ್ತದೆ. ಸಿಪ್ಪೆ 28ರಿಂದ 30 ಟನ್, ಸಕ್ಕರೆ ಹರಳು ತೆಗೆದ ಮೇಲೆ ಉಳಿಯುವ ಪಾಕವಾದ ಕಾಕಂಬಿ 4ರಿಂದ 4.5 ಟನ್, ರಸ ಸೋಸಿದಾಗ ಉಳಿಯುವ ಪ್ರೆಸ್‌ಮಡ್ 3ರಿಂದ 4 ಟನ್. ಮಿಕ್ಕಿದ್ದು ಬಹುಪಾಲು ನೀರು. ಕಬ್ಬಿನ ತೂಕದಲ್ಲಿ ಶೇ 70ರಷ್ಟು ನೀರೇ ಇರುತ್ತದೆ. ಅದರಲ್ಲಿ ಒಂದು ಪಾಲು ಸಿಪ್ಪೆಯ ಜೊತೆ ಹೋಗುತ್ತದೆ, ಉಳಿದದ್ದು ರಸ ಕುದಿಸುವಾಗ ಆವಿಯಾಗುತ್ತದೆ. ದಿನಕ್ಕೆ 5,000 ಟನ್ ಕಬ್ಬು ನುರಿಸುವ ಕಾರ್ಖಾನೆಯಲ್ಲಿ ಸಿಪ್ಪೆಯೊಂದೇ ದಿನಕ್ಕೆ 1,400 ಟನ್ ಮೀರುತ್ತದೆ. ಒಂದು ವಾರ ಅದಕ್ಕೆ ದಾರಿ ತೋರಿಸದಿದ್ದರೆ ಅಂಗಳದಲ್ಲಿ ಹತ್ತು ಸಾವಿರ ಟನ್ ರಾಶಿ ಬೀಳುತ್ತದೆ, ನುರಿಸುವುದೇ ನಿಲ್ಲುತ್ತದೆ. ಈ ಉದ್ಯಮದಲ್ಲಿ ತ್ಯಾಜ್ಯ ಯೋಜನೆ ಐಚ್ಛಿಕವಾಗಿ ಇದ್ದ ಕಾಲವೇ ಇಲ್ಲ. ಯೋಜನೆ ಒಳ್ಳೆಯದೋ ಕೆಟ್ಟದ್ದೋ ಎಂಬುದಷ್ಟೇ ಪ್ರಶ್ನೆ.

ತ್ಯಾಜ್ಯವನ್ನು ಹುಟ್ಟದಂತೆ ತಡೆಯುವುದು ಎಲ್ಲ ಯೋಜನೆಗಳ ಮೊದಲ ಮೆಟ್ಟಿಲು. ಸಕ್ಕರೆ ಕಾರ್ಖಾನೆಯಲ್ಲಿ ಅದು ಗದ್ದೆಯಲ್ಲೇ ಶುರುವಾಗುತ್ತದೆ. ಕಡಿದ ಕಬ್ಬು ಎರಡು ಮೂರು ದಿನ ಬಿಸಿಲಲ್ಲಿ ಉಳಿದರೆ ಅದರೊಳಗಿನ ಸಕ್ಕರೆ ಒಡೆದು, ಹರಳುಗಟ್ಟದ ಬೇರೆ ಸಕ್ಕರೆಗಳಾಗುತ್ತದೆ. ಚೀಲಕ್ಕೆ ಬರಬೇಕಾದದ್ದು ಕಾಕಂಬಿಗೆ ಹೋಗುತ್ತದೆ. ಹಂಗಾಮಿನಲ್ಲಿ ಕಾರ್ಖಾನೆಗಳ ಮುಂದೆ ನಿಲ್ಲುವ ಟ್ರ್ಯಾಕ್ಟರ್‌ಗಳ ಸಾಲು ರೈತನ ತೂಕವನ್ನೂ ಕಾರ್ಖಾನೆಯ ಇಳುವರಿಯನ್ನೂ ಒಟ್ಟಿಗೇ ತಿನ್ನುತ್ತದೆ. ಕಟಾವಿನ ಸರದಿಯನ್ನು ಕ್ರಮವಾಗಿ ಹಾಕಿ, ನುರಿಸುವ ಸಾಮರ್ಥ್ಯಕ್ಕೆ ತಕ್ಕಷ್ಟೇ ಕಬ್ಬನ್ನು ಕಡಿಸುವುದು ಸಾಗಣೆ ವಿಭಾಗದ ಕೆಲಸವೆಂದು ಕಂಡರೂ ಅದರ ಪರಿಣಾಮ ಕೊನೆಗೆ ಮುಟ್ಟುವುದು ತ್ಯಾಜ್ಯದ ಲೆಕ್ಕವನ್ನೇ. ರವದಿ, ಮಣ್ಣು, ಬೇರು ಅಂಟಿಕೊಂಡು ಬಂದ ಕಬ್ಬೂ ಹಾಗೆಯೇ. ಅದು ಪ್ರೆಸ್‌ಮಡ್ಡನ್ನೂ ಬಾಯ್ಲರ್ ಬೂದಿಯನ್ನೂ ಹೆಚ್ಚಿಸುತ್ತದೆ, ಗಾಣದ ಉರುಳೆಗಳನ್ನು ಸವೆಸುತ್ತದೆ. ಸಿಪ್ಪೆಯಲ್ಲಿ ಎಷ್ಟು ಸಕ್ಕರೆ ಉಳಿಯಿತು, ಕಾಕಂಬಿಯಲ್ಲಿ ಎಷ್ಟು, ಪ್ರೆಸ್‌ಮಡ್ಡಿನಲ್ಲಿ ಎಷ್ಟು ಎಂದು ಕಾರ್ಖಾನೆಯ ಪ್ರಯೋಗಾಲಯ ದಶಮಾಂಶದವರೆಗೆ ಅಳೆದು ಬರೆದಿಡುತ್ತದೆ. ಇಷ್ಟು ಶಿಸ್ತಿನ ಅಳತೆ ಬೇರೆ ಬಹಳ ಉದ್ಯಮಗಳಲ್ಲಿ ಇಲ್ಲ. ಇದೇ ಶಿಸ್ತು ಚರಂಡಿಗೆ ಹೋಗುವ ನೀರಿಗೂ ಸಿಗಬೇಕು.

ಸಿಪ್ಪೆಯ ಇತಿಹಾಸ ತ್ಯಾಜ್ಯ ಯೋಜನೆಯ ಒಳ್ಳೆಯ ಪಾಠ. ಆಲೆಮನೆಯಲ್ಲಿ ಒಣಗಿದ ರಚ್ಚನ್ನು, ಅಂದರೆ ಸಿಪ್ಪೆಯನ್ನು, ಕೊಪ್ಪರಿಗೆಯ ಒಲೆಗೆ ಹಾಕುವುದು ಹಿಂದಿನಿಂದ ಬಂದ ರೂಢಿ. ಕಾರ್ಖಾನೆಗಳೂ ಅದನ್ನೇ ಮಾಡಿದವು, ಆದರೆ ಹಳೆಯ ಬಾಯ್ಲರ್‌ಗಳು ಕಡಿಮೆ ಒತ್ತಡದವು, ಸಿಪ್ಪೆಯನ್ನು ಧಾರಾಳವಾಗಿ ತಿನ್ನುವಂಥವು. ಅವನ್ನು ಹಾಗೆ ಕಟ್ಟಿದ್ದಕ್ಕೆ ಸಿಪ್ಪೆ ಉಳಿಯದಿರಲಿ ಎಂಬುದೂ ಒಂದು ಕಾರಣ. ಉಳಿದರೆ ಇಡಲು ಜಾಗವಿರಲಿಲ್ಲ, ಕೊಳ್ಳುವವರೂ ಇರಲಿಲ್ಲ. ಇಂಧನ ಪೋಲಾಗುವುದನ್ನೇ ವಿಲೇವಾರಿಯ ದಾರಿಯಾಗಿ ಇಟ್ಟುಕೊಂಡಿದ್ದ ಕಾಲ ಅದು. 1990ರ ದಶಕದಿಂದ ಹೆಚ್ಚುವರಿ ವಿದ್ಯುತ್ತನ್ನು ಗ್ರಿಡ್‌ಗೆ ಮಾರುವ ಅವಕಾಶ ತೆರೆದ ಮೇಲೆ ಲೆಕ್ಕ ತಿರುಗಿತು. 67, 87, 110 ಬಾರ್ ಒತ್ತಡದ ಬಾಯ್ಲರ್‌ಗಳು ಬಂದವು. ಅದೇ ಒಂದು ಟನ್ ಸಿಪ್ಪೆಯಿಂದ ಹಿಂದಿಗಿಂತ ಹಲವು ಪಟ್ಟು ವಿದ್ಯುತ್ ತೆಗೆಯಲು ಸಾಧ್ಯವಾಯಿತು. ರಸ ಕಾಯಿಸಲು ಬೇಕಾಗುವ ಹಬೆಯನ್ನು ಕಬ್ಬಿನ ತೂಕದ ಶೇ 50ರ ಆಸುಪಾಸಿನಿಂದ ಶೇ 40ರ ಕೆಳಗೆ ಇಳಿಸಿದ ಕಾರ್ಖಾನೆಗಳಿಗೆ ಮಾರಲು ಇನ್ನಷ್ಟು ಉಳಿಯಿತು. ವಸ್ತು ಬದಲಾಗಲಿಲ್ಲ. ಕೊಳ್ಳುವವರು ಬಂದರು, ಅದಕ್ಕೆ ತಕ್ಕ ಯಂತ್ರ ಬಂತು, ತ್ಯಾಜ್ಯ ಎನಿಸಿಕೊಂಡದ್ದು ಸರಕಾಯಿತು.

ಸಿಪ್ಪೆಗೆ ಇನ್ನೊಂದು ದಾರಿಯೂ ಇದೆ. ತಮಿಳುನಾಡು ಸರ್ಕಾರ 1979ರಲ್ಲಿ ಸ್ಥಾಪಿಸಿದ, ಕರೂರಿನ ಬಳಿಯ ಟಿಎನ್‌ಪಿಎಲ್ ಕಾಗದ ಕಾರ್ಖಾನೆ ಸಿಪ್ಪೆಯಿಂದ ಪತ್ರಿಕಾ ಕಾಗದ ತಯಾರಿಸುವ ಗುರಿಯಿಂದಲೇ ಹುಟ್ಟಿದ್ದು. ಸಕ್ಕರೆ ಕಾರ್ಖಾನೆ ತನ್ನ ಉರುವಲನ್ನು ಬಿಟ್ಟುಕೊಟ್ಟರೆ ಅದರ ಒಲೆ ಆರಬಾರದಲ್ಲ. ಅದಕ್ಕಾಗಿ ಸಿಪ್ಪೆ ಕೊಟ್ಟ ಕಾರ್ಖಾನೆಗಳಿಗೆ ಬದಲಿಯಾಗಿ ಹಬೆ ಅಥವಾ ಇಂಧನ ಒದಗಿಸುವ ವಿನಿಮಯದ ಒಪ್ಪಂದಗಳು ಆದವು. ಕಾಗದಕ್ಕೆ ಮರ ಕಡಿಯುವುದು ಕಡಿಮೆಯಾಯಿತು, ಆದರೆ ಬದಲಿ ಇಂಧನ ಕಲ್ಲಿದ್ದಲಾದಾಗ ಬೇರೆ ಕಡೆ ಹೊಗೆ ಹೆಚ್ಚಿತು. ತ್ಯಾಜ್ಯದ ಮರುಬಳಕೆಯನ್ನು ತೂಗುವಾಗ ಅದು ಯಾವುದರ ಜಾಗಕ್ಕೆ ಬಂತು, ಅದರ ಜಾಗಕ್ಕೆ ಏನು ಬಂತು ಎಂಬ ಎರಡನ್ನೂ ಕೇಳಲೇಬೇಕು. ಸಿಪ್ಪೆ ಮುಗಿದ ತಿಂಗಳುಗಳಲ್ಲಿ ಕಲ್ಲಿದ್ದಲು ಸುಟ್ಟು ವಿದ್ಯುತ್ ಮಾರುವ ಸಕ್ಕರೆ ಕಾರ್ಖಾನೆಗೂ ಇದೇ ಪ್ರಶ್ನೆ ಅನ್ವಯಿಸುತ್ತದೆ. ಇನ್ನು ಸಂಗ್ರಹದ ವಿಷಯ. ಒಣ ಸಿಪ್ಪೆಯ ರಾಶಿಗೆ ಬೆಂಕಿಯ ಭಯ. ಬೂಸ್ಟು ಹಿಡಿದ ಸಿಪ್ಪೆಯ ದೂಳು ಉಸಿರಿಗೆ ಸೇರಿದರೆ ಬಗಾಸೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ. ರಾಶಿಗಳ ನಡುವಿನ ಅಂತರ, ನೀರಿನ ಕೊಳವೆ, ಕಾರ್ಮಿಕರ ಮುಖಗವಸು ಇವೂ ಯೋಜನೆಯ ಪುಟಗಳಲ್ಲಿ ಇರಬೇಕಾದವು.

ಪ್ರೆಸ್‌ಮಡ್ಡಿನ ಕತೆ ಅಷ್ಟು ಉದ್ದವಿಲ್ಲ. ಸಾವಯವ ಅಂಶ, ರಂಜಕ, ಸುಣ್ಣ ಇರುವ ಈ ಕಪ್ಪು ಮಣ್ಣನ್ನು ರೈತರು ಬಹುಕಾಲದಿಂದ ಗದ್ದೆಗೆ ಒಯ್ಯುತ್ತಿದ್ದಾರೆ. ಕೊಳೆಸದೆ ಹಾಕಿದರೆ ಮಣ್ಣಿನಲ್ಲಿ ಬಿಸಿ ಹುಟ್ಟಿ ಮೊಳಕೆಗೆ ತೊಂದರೆ, ಆದ್ದರಿಂದ ಗೊಬ್ಬರವಾಗಿಸಿ ಹಾಕುವುದು ಸರಿ. 2018ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಸತತ್ ಯೋಜನೆಯ ನಂತರ ಇದರಿಂದ ಜೈವಿಕ ಅನಿಲ ತೆಗೆದು, ಶುದ್ಧೀಕರಿಸಿ, ಒತ್ತಡದಲ್ಲಿ ತುಂಬಿ ವಾಹನ ಇಂಧನವಾಗಿ ಮಾರುವ ದಾರಿ ತೆರೆದಿದೆ. ಒಂದು ಟನ್ ಅನಿಲಕ್ಕೆ ಸುಮಾರು 25 ಟನ್ ಪ್ರೆಸ್‌ಮಡ್ ಬೇಕು. ಅನಿಲ ತೆಗೆದ ಮೇಲೂ ಗೊಬ್ಬರದ ಸತ್ವ ಉಳಿಯುತ್ತದೆ, ಅದು ಇದರ ದೊಡ್ಡ ಗುಣ. ತೊಡಕು ಇರುವುದು ಕಾಲದಲ್ಲಿ: ಪ್ರೆಸ್‌ಮಡ್ ಹಂಗಾಮಿನ ಐದಾರು ತಿಂಗಳು ಮಾತ್ರ ಬರುತ್ತದೆ, ಅನಿಲ ಘಟಕ ವರ್ಷವಿಡೀ ನಡೆಯಬೇಕು, ಇಟ್ಟ ಪ್ರೆಸ್‌ಮಡ್ ದಿನ ಕಳೆದಂತೆ ತಾನೇ ಕೊಳೆತು ಅನಿಲವನ್ನು ಗಾಳಿಗೆ ಬಿಡುತ್ತದೆ. ಮುಚ್ಚಿ ಕಾಪಾಡುವ ವ್ಯವಸ್ಥೆಯಿಲ್ಲದೆ ಘಟಕ ಕಟ್ಟಿದರೆ ಅರ್ಧ ವರ್ಷ ಯಂತ್ರ ಖಾಲಿ.

ಕಾಕಂಬಿಯನ್ನು ತ್ಯಾಜ್ಯವೆನ್ನಲು ಇಂದು ಯಾರೂ ಒಪ್ಪರು. ಹುದುಗಿಸಿ ಬಟ್ಟಿ ಇಳಿಸಿದರೆ ಮದ್ಯಸಾರ, ಅಂದರೆ ಎಥೆನಾಲ್. ಅದನ್ನು ಪೆಟ್ರೋಲಿಗೆ ಬೆರೆಸುವ ಯೋಚನೆಯೂ ಹೊಸದಲ್ಲ, ಭಾರತದಲ್ಲಿ 1948ರಲ್ಲೇ ಪವರ್ ಆಲ್ಕೋಹಾಲ್ ಕಾಯ್ದೆ ಬಂದಿತ್ತು. ಇಂದಿನ ಎಥೆನಾಲ್ ಮಿಶ್ರಣ ಕಾರ್ಯಕ್ರಮ 2003ರದ್ದು. 2013-14ರಲ್ಲಿ ಶೇ 1.5ರಷ್ಟಿದ್ದ ಮಿಶ್ರಣ 2025ರ ಹೊತ್ತಿಗೆ ಶೇ 20 ತಲುಪಿತು. ಕೇಂದ್ರದ 2018ರ ಜೈವಿಕ ಇಂಧನ ನೀತಿಯಿಂದ, ಸಕ್ಕರೆಯನ್ನು ಪೂರ್ತಿ ತೆಗೆಯದ ಬಿ-ಹೆವಿ ಕಾಕಂಬಿಯಿಂದಲೂ ನೇರ ಕಬ್ಬಿನ ರಸದಿಂದಲೂ ಎಥೆನಾಲ್ ಮಾಡಲು ದಾರಿಯಾಯಿತು. ಉಪ ಉತ್ಪನ್ನ ಎನಿಸಿಕೊಂಡದ್ದು ಮುಖ್ಯ ಉತ್ಪನ್ನದ ಪಕ್ಕಕ್ಕೆ ಬಂದು ಕುಳಿತಿತು. ಬಂಡವಾಳ ಹರಿಯಿತು, ಡಿಸ್ಟಿಲರಿಗಳು ದೊಡ್ಡದಾದವು. ಆದರೆ 2023ರ ಡಿಸೆಂಬರಿನಲ್ಲಿ, ಸಕ್ಕರೆ ಉತ್ಪಾದನೆ ಕುಸಿಯುವ ಆತಂಕದಿಂದ ಕೇಂದ್ರವು ಕಬ್ಬಿನ ರಸವನ್ನು ಎಥೆನಾಲ್‌ಗೆ ಬಳಸುವುದಕ್ಕೆ ತಡೆ ಹಾಕಿತು, ಅದೂ ಹಂಗಾಮಿನ ನಡುವೆ. 2024ರ ಆಗಸ್ಟಿನಲ್ಲಿ ಮುಂದಿನ ವರ್ಷಕ್ಕೆ ತಡೆ ತೆರವಾಯಿತು. ಒಬ್ಬರೇ ಕೊಳ್ಳುವವರನ್ನೂ ಒಂದೇ ನೀತಿಯನ್ನೂ ನಂಬಿ ಕಟ್ಟಿದ ಯೋಜನೆ ಎಷ್ಟು ದುರ್ಬಲ ಎಂಬುದನ್ನು ಆ ಹಂಗಾಮು ಎಲ್ಲ ಕಾರ್ಖಾನೆಗಳಿಗೂ ತೋರಿಸಿತು.

ಬೆಲೆಬಾಳುವ ವಸ್ತುವೂ ಒಂದೇ ದಿನದಲ್ಲಿ ವಿಷವಾಗಬಲ್ಲದು. 2018ರ ಮೇ ತಿಂಗಳಲ್ಲಿ ಪಂಜಾಬಿನ ಗುರುದಾಸ್‌ಪುರ ಜಿಲ್ಲೆಯ ಕಾರ್ಖಾನೆಯೊಂದರಿಂದ ಉಕ್ಕಿ ಹರಿದ ಕಾಕಂಬಿ ಬಿಯಾಸ್ ನದಿ ಸೇರಿತು. ಕಾಕಂಬಿಯಲ್ಲಿ ವಿಷದ ರಾಸಾಯನಿಕವೇನೂ ಇಲ್ಲ. ಆದರೆ ಅದರ ಸಕ್ಕರೆಯನ್ನು ತಿನ್ನುವ ಸೂಕ್ಷ್ಮಜೀವಿಗಳು ನೀರಿನ ಆಮ್ಲಜನಕವನ್ನೆಲ್ಲ ಹೀರಿಬಿಡುತ್ತವೆ. ನದಿ ಕಂದು ಬಣ್ಣಕ್ಕೆ ತಿರುಗಿ ಮೀನುಗಳು ರಾಶಿ ರಾಶಿಯಾಗಿ ಉಸಿರುಕಟ್ಟಿ ಸತ್ತವು. ಬಿಸಿಯಾಗಿಯೇ ಟ್ಯಾಂಕಿಗೆ ತುಂಬಿದ ಕಾಕಂಬಿ ತನ್ನೊಳಗೇ ಶಾಖ ಹುಟ್ಟಿಸಿಕೊಂಡು ನೊರೆಯುಕ್ಕುವುದು ಸಕ್ಕರೆ ತಂತ್ರಜ್ಞರಿಗೆ ಬಹುಕಾಲದಿಂದ ತಿಳಿದ ಸಂಗತಿ. ತುಂಬುವ ಮೊದಲು ತಣಿಸುವುದು, ಟ್ಯಾಂಕಿನ ಉಷ್ಣಾಂಶವನ್ನು ಬೇಸಿಗೆಯಲ್ಲಿ ದಿನವೂ ನೋಡುವುದು, ಟ್ಯಾಂಕಿನ ಸುತ್ತ ಸೋರಿದ್ದೆಲ್ಲ ಹಿಡಿಯುವಷ್ಟು ಎತ್ತರದ ಕಟ್ಟೆ ಕಟ್ಟುವುದು, ಮಳೆನೀರಿನ ಚರಂಡಿಯನ್ನು ಕಾರ್ಖಾನೆಯ ಚರಂಡಿಯಿಂದ ಬೇರೆ ಇಡುವುದು: ಇವುಗಳಲ್ಲಿ ಯಾವುದಕ್ಕೂ ಹೊಸ ತಂತ್ರಜ್ಞಾನ ಬೇಡ. ಇವಿಲ್ಲದೆ ಒಂದು ನದಿಯ ಮೀನುಗಳು ಸತ್ತದ್ದು ಕ್ಷಮಿಸುವಂಥದ್ದಲ್ಲ.

ತ್ಯಾಜ್ಯ ಯೋಜನೆಯ ನಿಜವಾದ ಪರೀಕ್ಷೆ ಕೊಳ್ಳುವವರೇ ಇಲ್ಲದ ತ್ಯಾಜ್ಯದ ಎದುರು ನಡೆಯುತ್ತದೆ. ಡಿಸ್ಟಿಲರಿಯಲ್ಲಿ ಅದರ ಹೆಸರು ಸ್ಪೆಂಟ್ ವಾಶ್. ಕಾಕಂಬಿಯಿಂದ ಒಂದು ಲೀಟರ್ ಮದ್ಯಸಾರ ತೆಗೆದರೆ ಎಂಟರಿಂದ ಹದಿನೈದು ಲೀಟರ್‌ವರೆಗೆ ಈ ಕಡುಕಂದು, ಆಮ್ಲೀಯ, ನಾರುವ ದ್ರವ ಉಳಿಯುತ್ತದೆ. ದಿನಕ್ಕೆ 60,000 ಲೀಟರ್ ಮದ್ಯಸಾರದ ಘಟಕ ಎಂದರೆ, ಹತ್ತು ಪಟ್ಟು ಎಂದು ಹಿಡಿದರೂ, ಆರು ಲಕ್ಷ ಲೀಟರ್ ಸ್ಪೆಂಟ್ ವಾಶ್. ಮನೆಗಳ ಕೊಳಚೆ ನೀರಿನ ಬಿಒಡಿ (ಅದರಲ್ಲಿನ ಸಾವಯವ ಕೊಳೆಯನ್ನು ಒಡೆಯಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕ) ಲೀಟರಿಗೆ ಇನ್ನೂರು ಮುನ್ನೂರು ಮಿಲಿಗ್ರಾಂ ಇದ್ದರೆ ಇದರದ್ದು ನಲವತ್ತು ಐವತ್ತು ಸಾವಿರ. ಹಿಂದೆ ಇದನ್ನು ದೊಡ್ಡ ಗುಂಡಿಗಳಲ್ಲಿ ನಿಲ್ಲಿಸುತ್ತಿದ್ದರು, ನೀರು ಬೆರೆಸಿ ಹೊಲಕ್ಕೆ ಬಿಡುತ್ತಿದ್ದರು, ಪ್ರೆಸ್‌ಮಡ್ಡಿನ ಮೇಲೆ ಸಿಂಪಡಿಸಿ ಗೊಬ್ಬರ ಮಾಡುತ್ತಿದ್ದರು. ನೆಲಕ್ಕೆ ಸರಿಯಾದ ತಡೆ ಹಾಕದ ಕಡೆ ಇದು ಇಂಗಿ ಬಾವಿಯ ನೀರಿಗೆ ಬಣ್ಣ ಬಂತು. ಮಳೆಗಾಲದಲ್ಲಿ ಗೊಬ್ಬರದ ಅಂಗಳದಿಂದ ಕೊಚ್ಚಿ ಹಳ್ಳ ಸೇರಿತು. 2003ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಮತ್ತು ಮಾಲಿನ್ಯ ನಿಯಂತ್ರಣ ಮಂಡಳಿ 17 ಬಗೆಯ ಹೆಚ್ಚು ಮಾಲಿನ್ಯಕಾರಿ ಉದ್ಯಮಗಳ ಜೊತೆ ಮಾಡಿಕೊಂಡ ಹೊಣೆಗಾರಿಕೆಯ ಸನ್ನದಿನಲ್ಲಿ, ಡಿಸ್ಟಿಲರಿಗಳು ನದಿ ಹಳ್ಳಗಳಿಗೆ ಒಂದು ಹನಿಯನ್ನೂ ಬಿಡಬಾರದೆಂಬ ಗುರಿ ಬಂತು.

ಇಂದಿನ ಹೊಸ ಘಟಕಗಳು ಸ್ಪೆಂಟ್ ವಾಶನ್ನು ಆವಿಯಾಗಿಸಿ ಪಾಕದಷ್ಟು ದಪ್ಪ ಮಾಡಿ, ಸಿಪ್ಪೆ ಅಥವಾ ಕಲ್ಲಿದ್ದಲಿನೊಡನೆ ಅದಕ್ಕೆಂದೇ ಕಟ್ಟಿದ ಬಾಯ್ಲರಿನಲ್ಲಿ ಸುಡುತ್ತವೆ. ಆವಿಯಾದ ನೀರನ್ನು ಶುದ್ಧಿ ಮಾಡಿ ಮತ್ತೆ ಬಳಸಬಹುದು. ಉಳಿಯುವ ಬೂದಿಯಲ್ಲಿ ಪೊಟ್ಯಾಷ್ ಹೇರಳ, ಏಕೆಂದರೆ ಕಬ್ಬು ಮಣ್ಣಿನಿಂದ ಎಳೆದುಕೊಂಡ ಪೊಟ್ಯಾಷ್ ಸಕ್ಕರೆಯ ಜೊತೆ ಹೋಗದೆ ಕಾಕಂಬಿಯಲ್ಲಿ ಉಳಿದು, ಅಲ್ಲಿಂದ ಸ್ಪೆಂಟ್ ವಾಶಿಗೆ ಬಂದಿರುತ್ತದೆ. ಪೊಟ್ಯಾಷ್ ಗೊಬ್ಬರಕ್ಕೆ ಭಾರತ ಬಹುತೇಕ ಪೂರ್ತಿಯಾಗಿ ಆಮದನ್ನೇ ನಂಬಿದೆ. 2021ರಲ್ಲಿ ಕಾಕಂಬಿಯಿಂದ ಬಂದ ಈ ಪೊಟ್ಯಾಷನ್ನು, ಶೇ 14.5 ಪೊಟ್ಯಾಷ್ ಅಂಶದ ಗೊಬ್ಬರವಾಗಿ, ಪೋಷಕಾಂಶ ಆಧಾರಿತ ಸಬ್ಸಿಡಿ ಪಟ್ಟಿಗೆ ಸೇರಿಸಲಾಯಿತು. 2024ರ ಜನವರಿಯಲ್ಲಿ ಸಕ್ಕರೆ ಕಾರ್ಖಾನೆಗಳು ರಸಗೊಬ್ಬರ ಕಂಪನಿಗಳಿಗೆ ಮಾರುವ ದರ ಟನ್ನಿಗೆ 4,263 ರೂಪಾಯಿ ಎಂದು ನಿಗದಿಯಾಯಿತು. ಗದ್ದೆಯ ಮಣ್ಣಿನಿಂದ ಹೋದದ್ದು ಗದ್ದೆಗೆ ಮರಳುವ ಈ ಸುತ್ತು ಇಡೀ ಉದ್ಯಮದಲ್ಲೇ ಅತ್ಯಂತ ಬೆಲೆಯುಳ್ಳ ಸಾಧನೆ ಎನ್ನಬಹುದು. ಆದರೂ ಬೂದಿಯ ಬೆಲೆಯಿಂದ ಬಾಯ್ಲರಿನ ಬಂಡವಾಳ ಹುಟ್ಟುವುದಿಲ್ಲ. ಸುಡುವ ಘಟಕಕ್ಕೆ ಹಾಕಿದ ಹಣವನ್ನು ಮದ್ಯಸಾರದ ವ್ಯಾಪಾರವೇ ಹೊರಬೇಕು, ಯೋಜನಾ ವರದಿಯ ಮೊದಲ ದಿನವೇ ಅದನ್ನು ಎಥೆನಾಲ್ ವೆಚ್ಚದಲ್ಲಿ ಸೇರಿಸಿರಬೇಕು. ಸೇರಿಸದ ಕಡೆ ಆ ವೆಚ್ಚ ಮಾಯವಾಗುವುದಿಲ್ಲ. ಸುತ್ತಲಿನ ಹಳ್ಳಿಗಳ ಬಾವಿಗಳ ಮೇಲೆ ಬೀಳುತ್ತದೆ.

ನೀರಿನ ಲೆಕ್ಕ ಸಕ್ಕರೆ ಕಾರ್ಖಾನೆಯ ಪರವಾಗಿಯೇ ಇದೆ. ಕಬ್ಬಿನಲ್ಲೇ ಅಷ್ಟು ನೀರು ಒಳಗೆ ಬರುವಾಗ, ಆವಿಯನ್ನು ತಣಿಸಿ ಸಿಗುವ ನೀರನ್ನು ಸರಿಯಾಗಿ ಬಳಸಿಕೊಂಡರೆ ಹೊಳೆಯಿಂದಾಗಲಿ ಕೊಳವೆಬಾವಿಯಿಂದಾಗಲಿ ಎತ್ತುವ ಅಗತ್ಯ ಬಹಳ ಕಡಿಮೆ. 2016ರ ಜನವರಿಯಲ್ಲಿ ತಿದ್ದುಪಡಿಯಾದ ನಿಯಮ, ಒಂದು ಟನ್ ಕಬ್ಬಿಗೆ ಹೊರಬಿಡಬಹುದಾದ ಕೊಳಚೆ ನೀರಿನ ಮಿತಿಯನ್ನು 400 ಲೀಟರಿನಿಂದ 200 ಲೀಟರಿಗೆ ಇಳಿಸಿತು. ಶುದ್ಧೀಕರಿಸಿದ ನೀರನ್ನು ಹೊಲಗಳಿಗೆ ಬಿಡುವುದಾದರೆ, ಹೊಲಕ್ಕೆ ನೀರು ಬೇಡವಾದ ದಿನಗಳಿಗಾಗಿ 15 ದಿನದ ನೀರು ಹಿಡಿಯುವ ಸಂಗ್ರಹವೂ ಇರಬೇಕೆಂದಿತು. ಮಳೆ ಬಿದ್ದ ಗದ್ದೆಗೆ ಕಾರ್ಖಾನೆಯ ನೀರು ಬೇಡ ಎಂಬ ಸರಳ ಸತ್ಯವನ್ನು ಕಾನೂನು ನೆನಪಿಸಬೇಕಾಯಿತು. ಯಂತ್ರಗಳ ಹಳೆಯ ಎಣ್ಣೆ, ಎಣ್ಣೆ ಮೆತ್ತಿದ ಬಟ್ಟೆ, ಖಾಲಿ ರಾಸಾಯನಿಕ ಡಬ್ಬಿಗಳು ತೂಕದಲ್ಲಿ ಅಲ್ಪ. ಆದರೆ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಅವನ್ನು 90 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ, ಪರವಾನಗಿ ಉಳ್ಳವರಿಗೆ ದಾಖಲೆ ಸಹಿತ ಒಪ್ಪಿಸಬೇಕು.

ತ್ಯಾಜ್ಯ ಆದಾಯವಾದ ಮೇಲೆ ಅದರಲ್ಲಿ ಯಾರ ಪಾಲು ಎಷ್ಟು ಎಂಬ ಪ್ರಶ್ನೆ ಏಳುತ್ತದೆ. ಸಿಪ್ಪೆ, ಕಾಕಂಬಿ, ಪ್ರೆಸ್‌ಮಡ್ ಎಲ್ಲವೂ ರೈತ ತಂದ ಕಬ್ಬಿನೊಳಗೆ ಇದ್ದವೇ. 2012ರಲ್ಲಿ ಸಿ. ರಂಗರಾಜನ್ ಸಮಿತಿಯು ಸಕ್ಕರೆ ಮತ್ತು ಉಪ ಉತ್ಪನ್ನಗಳ ಮೌಲ್ಯದ ಶೇ 70ರಷ್ಟನ್ನು, ಇಲ್ಲವೇ ಸಕ್ಕರೆಯೊಂದರ ಬೆಲೆಯ ಶೇ 75ರಷ್ಟನ್ನು ಕಬ್ಬು ಬೆಳೆಗಾರರಿಗೆ ಕೊಡಬೇಕೆಂದು ಸೂಚಿಸಿತು. ಕರ್ನಾಟಕ 2013ರಲ್ಲಿ ಕಬ್ಬು ಖರೀದಿ ಮತ್ತು ಪೂರೈಕೆಯ ನಿಯಂತ್ರಣ ಕಾಯ್ದೆ ಮಾಡಿ, ಕಬ್ಬು ನಿಯಂತ್ರಣ ಮಂಡಳಿ ರಚಿಸಿತು. ಉಪ ಉತ್ಪನ್ನಗಳ ಲಾಭದಲ್ಲಿ ಪಾಲು ಬೇಕೆಂಬ ಒತ್ತಾಯ ಉತ್ತರ ಕರ್ನಾಟಕದ ರೈತ ಹೋರಾಟಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಆ ಒತ್ತಾಯ ನ್ಯಾಯವಾದದ್ದು. ಅದಕ್ಕೆ ಉತ್ತರ ಕೊಡಲು ಕಾರ್ಖಾನೆಯ ಬಳಿ ಪ್ರತಿ ಉಪ ಉತ್ಪನ್ನದ ತೂಕ, ವೆಚ್ಚ, ಮಾರಾಟದ ಬಿಚ್ಚು ಲೆಕ್ಕ ಇರಬೇಕು, ವಿಲೇವಾರಿಗೆ ಆದ ಖರ್ಚೂ ಅದರಲ್ಲಿ ಕಾಣಬೇಕು.

ಲೆಕ್ಕ ಹೊರಗೆ ಬರುವ ಎರಡು ದಾರಿಗಳು ಇಂದು ಕಾನೂನಿನಲ್ಲಿವೆ. ಷೇರುಪೇಟೆಯ ಮೊದಲ ಸಾವಿರ ಕಂಪನಿಗಳು 2022-23ರಿಂದ ಪೇಟೆಯ ನಿಯಂತ್ರಕ ಸೆಬಿಯ, ಉದ್ಯಮದ ಹೊಣೆ ಮತ್ತು ಸುಸ್ಥಿರತೆ ಕುರಿತ ಬಿಆರ್‌ಎಸ್‌ಆರ್ ವರದಿ ಸಲ್ಲಿಸಬೇಕು. ಪ್ಲಾಸ್ಟಿಕ್, ಇ-ತ್ಯಾಜ್ಯ, ಅಪಾಯಕಾರಿ ತ್ಯಾಜ್ಯ ಹೀಗೆ ಬಗೆಬಗೆಯಾಗಿ ಎಷ್ಟು ಟನ್ ಹುಟ್ಟಿತು, ಎಷ್ಟು ಮರುಬಳಕೆಯಾಯಿತು, ಎಷ್ಟನ್ನು ಸುಟ್ಟರು, ಎಷ್ಟನ್ನು ಹೂತರು ಎಂದು ಅದರಲ್ಲಿ ಬರೆಯಬೇಕು. ಸಹಕಾರಿ ಕಾರ್ಖಾನೆಗಳಿಗೆ ಮತ್ತು ಪೇಟೆಗೆ ಬಾರದ ಖಾಸಗಿ ಕಾರ್ಖಾನೆಗಳಿಗೆ ಇದು ತಾಗುವುದಿಲ್ಲ. ಅವುಗಳಿಗೂ ತಾಗುವುದು ಪರಿಸರ ಸಂರಕ್ಷಣಾ ನಿಯಮಗಳ ಅಡಿಯ ನಮೂನೆ 5. ಮಾರ್ಚಿಗೆ ಮುಗಿದ ವರ್ಷದ ಪರಿಸರ ಹೇಳಿಕೆಯನ್ನು ಸೆಪ್ಟೆಂಬರ್ 30ರೊಳಗೆ, ಅಂದರೆ ಹೊಸ ಹಂಗಾಮು ಶುರುವಾಗುವ ಹೊಸ್ತಿಲಲ್ಲಿ, ಮಾಲಿನ್ಯ ನಿಯಂತ್ರಣ ಮಂಡಳಿಗೆ ಕೊಡಬೇಕು. ಒಂದು ಟನ್ ಉತ್ಪನ್ನಕ್ಕೆ ಎಷ್ಟು ನೀರು, ಎಷ್ಟು ಕಚ್ಚಾವಸ್ತು, ಘನತ್ಯಾಜ್ಯ ಎಷ್ಟು, ಮಾಲಿನ್ಯ ತಡೆಯ ಕ್ರಮಗಳಿಂದ ಉತ್ಪಾದನಾ ವೆಚ್ಚದ ಮೇಲೆ ಆದ ಪರಿಣಾಮ ಏನು, ಮುಂದೆ ಎಷ್ಟು ಹಣ ಹೂಡುವ ಯೋಚನೆಯಿದೆ ಎಂದು ಕೆಲವೇ ಪುಟಗಳ ಆ ನಮೂನೆ ಕೇಳುತ್ತದೆ. ಗುಮಾಸ್ತರೊಬ್ಬರು ಹಿಂದಿನ ವರ್ಷದ ಅಂಕಿಗಳನ್ನು ತಿದ್ದಿ ಕಳಿಸುವ ಬದಲು ಕಬ್ಬು ವಿಭಾಗ, ಬಾಯ್ಲರ್, ಡಿಸ್ಟಿಲರಿ, ಲೆಕ್ಕಪತ್ರ ವಿಭಾಗಗಳ ಮುಖ್ಯಸ್ಥರು ಒಟ್ಟಿಗೆ ಕುಳಿತು ಅದನ್ನು ತುಂಬಿದರೆ, ಹಂಗಾಮಿಗೆ ಬೇಕಾದ ತ್ಯಾಜ್ಯ ಯೋಜನೆಯ ಮೊದಲ ಕರಡು ಅದೇ ಆಗುತ್ತದೆ.